ಎಚ್ಚರಿಕೆ ಮಳೆಗಾಲಕ್ಕೆ ಮಾತ್ರವೇ? ಕರಾವಳಿಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ,
ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು.

ವಿಷಯ: ಚಳಿಗಾಲದ ಹವಾಮಾನ ಮುನ್ನೆಚ್ಚರಿಕೆಗಳನ್ನೂ ಜ್ವಾಲಾಮುಖಿ ಬೂದಿಯ ಸೂಚನೆಗಳನ್ನೂ ಜನರಿಗೆ ಅರ್ಥವಾಗುವಂತೆ, ವರ್ಷವಿಡೀ ತಲುಪಿಸುವ ಬಗ್ಗೆ ಮನವಿ.

ಮಾನ್ಯರೇ,

ನಾನು ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಸಮೀಪ ವಿಮಾನ, ರೈಲು ಮತ್ತು ಬಸ್ಸಿನ ಟಿಕೆಟ್ ಬುಕಿಂಗ್ ಮಾಡಿಕೊಡುವ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿದ್ದೇನೆ. ನನ್ನ ತವರು ಮಲ್ಪೆ. ಅಣ್ಣ ಆಳಸಮುದ್ರ ಟ್ರಾಲ್‌ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಊರು ಬಿಟ್ಟು ಹೊರಟವರು ಅರ್ಧದಾರಿಯಲ್ಲಿ ಸಿಕ್ಕಿಕೊಂಡಾಗ ಮೊದಲು ಫೋನ್ ಮಾಡುವುದು ನನ್ನಂಥವರಿಗೆ. ಬೋಟು ಕಡಲಿನಲ್ಲಿರುವಾಗ ಗಾಳಿಯ ಸುದ್ದಿ ಬಂದರೆ ರಾತ್ರಿಯಿಡೀ ನಿದ್ದೆಗೆಡುವುದು ನನ್ನ ಅತ್ತಿಗೆಯಂಥವರು. ಈ ಎರಡೂ ಕಡೆ ನಿಂತು ನಾನು ಕಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ. ಯಾವುದೇ ಕಚೇರಿಯನ್ನಾಗಲಿ ಅಧಿಕಾರಿಯನ್ನಾಗಲಿ ದೂರುವುದು ನನ್ನ ಉದ್ದೇಶವಲ್ಲ. ಎಚ್ಚರಿಕೆ ಹೊರಡುವ ಜಾಗದಿಂದ ಅದರ ಅಗತ್ಯವಿರುವ ಮನುಷ್ಯನವರೆಗೆ ಒಂದು ಕೊನೆಯ ಹಾದಿಯಿದೆ; ಮಳೆಗಾಲ ಕಳೆದ ಮೇಲೆ ಆ ಹಾದಿಗೆ ನಮ್ಮಲ್ಲಿ ಹೊಣೆಗಾರರೇ ಇಲ್ಲವೆಂಬ ಸ್ಥಿತಿ ಇದೆ. ಆ ಹೊಣೆಯನ್ನು ತಾವು ವಹಿಸಿಕೊಳ್ಳಬೇಕೆಂಬುದೇ ನನ್ನ ಮನವಿ.

2025ರ ನವೆಂಬರ್ 23ರ ಭಾನುವಾರ ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಲಿಖಿತ ಚರಿತ್ರೆಯಲ್ಲಿ ಅದು ಹಿಂದೆಂದೂ ಸಿಡಿದ ದಾಖಲೆಯಿರಲಿಲ್ಲ. ಬೂದಿ ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಚಿಮ್ಮಿತು. ಮೇಲ್ಮಟ್ಟದ ಬಿರುಗಾಳಿಗೆ ಸಿಕ್ಕಿ ಕೆಂಪು ಸಮುದ್ರ ದಾಟಿತು. ಯೆಮನ್, ಒಮಾನ್‌ಗಳ ಮೇಲಿಂದ ಅರಬ್ಬಿ ಸಮುದ್ರಕ್ಕೆ ಬಂದು, ಸೋಮವಾರ ರಾತ್ರಿಯ ಹೊತ್ತಿಗೆ ಗುಜರಾತ್, ರಾಜಸ್ಥಾನ, ದೆಹಲಿಗಳ ಆಕಾಶವನ್ನು ತಲುಪಿತ್ತು. ಫ್ರಾನ್ಸಿನ ತುಲೂಸ್‌ನಲ್ಲಿರುವ ಜ್ವಾಲಾಮುಖಿ ಬೂದಿ ಸಲಹಾ ಕೇಂದ್ರವು ಮೋಡ ಎಲ್ಲಿದೆ, ಯಾವ ಎತ್ತರದಲ್ಲಿದೆ, ಎತ್ತ ಸಾಗುತ್ತಿದೆ ಎಂಬ ಸೂಚನೆಗಳನ್ನು ಹೊರಡಿಸುತ್ತಿತ್ತು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಆ ಎತ್ತರಗಳನ್ನೂ ಮಾರ್ಗಗಳನ್ನೂ ತಪ್ಪಿಸಬೇಕೆಂದು ವಿಮಾನ ಸಂಸ್ಥೆಗಳಿಗೆ ತಿಳಿಸಿತು. ನಮಗೆ ಹತ್ತಿರದ ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ವಿಮಾನವೊಂದು ಅಹಮದಾಬಾದಿಗೆ ತಿರುಗಿತು. ಕೊಲ್ಲಿ ರಾಷ್ಟ್ರಗಳ ಕಡೆಗಿನ ಹಲವು ವಿಮಾನಗಳು ರದ್ದಾದವು. ಭಾರತೀಯ ಹವಾಮಾನ ಇಲಾಖೆ ಮೊದಲೇ ಅಂದಾಜಿಸಿದಂತೆ ಮಂಗಳವಾರ ಸಂಜೆಯ ವೇಳೆಗೆ ಮೋಡ ಚೀನಾದತ್ತ ಸರಿಯಿತು.

ವಿಮಾನಗಳನ್ನು ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನಿಲ್ಲಿಸದಿದ್ದರೆ ಅದು ದೊಡ್ಡ ತಪ್ಪಾಗುತ್ತಿತ್ತು. ಜ್ವಾಲಾಮುಖಿಯ ಬೂದಿ ನಮ್ಮ ಒಲೆಯ ಬೂದಿಯಂತೆ ಮೆತ್ತಗಿನದಲ್ಲ. ಅದು ಕಲ್ಲು ಮತ್ತು ಗಾಜಿನ ಹರಿತವಾದ ಸಣ್ಣ ಚೂರು. ಜೆಟ್ ಎಂಜಿನಿನೊಳಗಿನ ಶಾಖಕ್ಕೆ ಅದು ಕರಗಿ, ಮುಂದಿನ ತಣ್ಣನೆಯ ಬ್ಲೇಡುಗಳ ಮೇಲೆ ಮತ್ತೆ ಗಟ್ಟಿಯಾಗಿ ಅಂಟಿಕೊಂಡು ಗಾಳಿಯ ದಾರಿಯನ್ನೇ ಕಟ್ಟಿಬಿಡುತ್ತದೆ. ವಿಮಾನದ ಹವಾಮಾನ ರೇಡಾರ್‌ಗೆ ಮಳೆಮೋಡ ಕಾಣುತ್ತದೆಯೇ ಹೊರತು ಬೂದಿ ಕಾಣುವುದಿಲ್ಲ. 1982ರ ಜೂನ್ 24ರ ರಾತ್ರಿ ಕೌಲಾಲಂಪುರದಿಂದ ಪರ್ತ್‌ಗೆ ಹಾರುತ್ತಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನ ಇಂಡೋನೇಷ್ಯಾದ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಗೆ ನುಗ್ಗಿದಾಗ ಅದರ ನಾಲ್ಕೂ ಎಂಜಿನುಗಳು ನಿಂತುಹೋದವು. ಬೂದಿಯಿಂದ ಹೊರಬಂದ ಮೇಲೆ ಎಂಜಿನುಗಳು ಮತ್ತೆ ಚಾಲೂ ಆದವು. ಗೀಚಿ ಮಸುಕಾದ ಮುಂಗಾಜಿನ ಮೂಲಕ ಕಷ್ಟಪಟ್ಟು ನೋಡುತ್ತಾ ಅದನ್ನು ಜಕಾರ್ತಾದಲ್ಲಿ ಇಳಿಸಿದರು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯಿಂದಾಗಿ ಯುರೋಪಿನ ಆಕಾಶ ಹಲವು ದಿನ ಮುಚ್ಚಿತ್ತು, ಸುಮಾರು 1 ಲಕ್ಷ ವಿಮಾನಗಳು ರದ್ದಾಗಿದ್ದವು. ಇಷ್ಟು ತಿಳಿದ ಮೇಲೆ ಯಾವ ಪ್ರಯಾಣಿಕನೂ ರದ್ದತಿಯ ವಿರುದ್ಧ ಜಗಳಕ್ಕೆ ನಿಲ್ಲಲಾರ. ಆದರೆ ಇಷ್ಟನ್ನು ಅವನಿಗೆ ತಿಳಿಸಿದವರು ಯಾರು?

ಆ ಸೋಮವಾರ ನನ್ನ ಅಂಗಡಿಯಿಂದ ಟಿಕೆಟ್ ಮಾಡಿಸಿಕೊಂಡಿದ್ದ ಕಾಪು ಕಡೆಯ ಹುಡುಗನೊಬ್ಬ ಮಂಗಳೂರಿನಿಂದ ಮುಂಬೈಗೆ ಹೋಗಿ, ಅಲ್ಲಿಂದ ಕುವೈತಿಗೆ ಹೋಗುವವನಿದ್ದ. ರಜೆ ಮುಗಿದಿತ್ತು, ನಿಗದಿತ ದಿನ ಕೆಲಸಕ್ಕೆ ಹಾಜರಾಗದಿದ್ದರೆ ಸಂಬಳ ಕಡಿತವಾಗುತ್ತದೆಂದು ಮೊದಲೇ ಹೇಳಿದ್ದ. ಮುಂಬೈಯಲ್ಲಿ ಅವನ ಮೊಬೈಲಿಗೆ ಬಂದದ್ದು ಒಂದೇ ಸಾಲಿನ ಇಂಗ್ಲಿಷ್ ಸಂದೇಶ: ಆಪರೇಶನಲ್ ಕಾರಣಗಳಿಂದ ವಿಮಾನ ರದ್ದಾಗಿದೆ. ಕೌಂಟರಿನಲ್ಲಿ ಕೇಳಿದ್ದಕ್ಕೆ ಬೂದಿ ಎಂದರಂತೆ, ಮುಂದಿನ ವಿಮಾನ ಯಾವಾಗ ಎಂದರೆ ಗೊತ್ತಿಲ್ಲ ಎಂದರಂತೆ. ಮಗನ ಫೋನ್ ಬಂದ ಕೂಡಲೇ ತಾಯಿ ನನಗೆ ಫೋನ್ ಮಾಡಿ, "ಬೂದಿ ಅಂತೆ ಮಾರಾಯ್ರೆ, ಎಲ್ಲಿದು ಬೂದಿ? ಬೆಂಕಿ ಬಿದ್ದದ್ದಾ? ನನ್ನ ಮಗ ಕೂತ ವಿಮಾನಕ್ಕಾ?" ಎಂದು ಅಳತೊಡಗಿದರು. ಅವರನ್ನು ಸಮಾಧಾನ ಮಾಡಲು ನನಗೆ ಸಾಕಷ್ಟು ಹೊತ್ತು ಬೇಕಾಯಿತು. ನನ್ನ ಬಳಿಯಾದರೂ ಏನಿತ್ತು? ಕನ್ನಡದಲ್ಲಿ ನಾನು ಓದಿ ಹೇಳಬಹುದಾದ, ಅಧಿಕೃತವೆನ್ನಬಹುದಾದ ಒಂದು ಸಾಲೂ ನನಗೆ ಎಲ್ಲಿಯೂ ಸಿಗಲಿಲ್ಲ. ಟಿವಿಯಲ್ಲಿ ಕಂಡದ್ದನ್ನೂ ನನಗೆ ತಿಳಿದದ್ದನ್ನೂ ಕೂಡಿಸಿ ಹೇಳಿದೆ.

ಅದೇ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಬೇರೆಯೇ ಸುದ್ದಿ ಓಡಾಡುತ್ತಿತ್ತು. ಕರಾವಳಿಯಲ್ಲಿ ಆಮ್ಲದ ಮಳೆ ಬೀಳಲಿದೆ, ಮಕ್ಕಳನ್ನು ಹೊರಗೆ ಬಿಡಬೇಡಿ, ಕೆಲವು ದಿನ ಮೀನು ತಿನ್ನಬೇಡಿ ಎಂದು ಒಬ್ಬರ ಧ್ವನಿ ಸಂದೇಶ. ರೆಡ್ ಅಲರ್ಟ್ ಎಂದು ಬರೆದ, ಯಾರ ಸಹಿಯೂ ಇಲ್ಲದ ಒಂದು ಚಿತ್ರ. ಮಲ್ಪೆಯಲ್ಲಿ ಬುಟ್ಟಿಯಿಟ್ಟು ಮೀನು ಮಾರುವ ನನ್ನ ಚಿಕ್ಕಮ್ಮನ ಬಳಿ ಗಿರಾಕಿಯೊಬ್ಬರು ಬೂತಾಯಿಯ ಕಿವಿರು ಎತ್ತಿ ನೋಡಿ, ಇದರ ಮೇಲೆ ಬೂದಿ ಬಿದ್ದಿಲ್ಲ ತಾನೆ ಎಂದು ಕೇಳಿ, ಕೊಳ್ಳದೆ ಹೋದರಂತೆ. ಆ ಬೂದಿಯ ಮೋಡ ಸಾಗಿದ್ದು ನಮ್ಮಿಂದ ಬಹಳ ಉತ್ತರಕ್ಕೆ, ಅದೂ ವಿಮಾನಗಳು ಹಾರುವ ಎತ್ತರದಲ್ಲಿ. ನೇರವಾಗಿ ಅದರ ಕೆಳಗಿದ್ದ ದೆಹಲಿಯಲ್ಲೇ ನೆಲಮಟ್ಟದ ಗಾಳಿಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲವೆಂದು ತಜ್ಞರು ಹೇಳಿದ್ದರು. ಉಡುಪಿ, ಮಂಗಳೂರುಗಳಿಗೆ ಅದು ಅನ್ವಯಿಸುತ್ತಲೇ ಇರಲಿಲ್ಲ. ಅನ್ವಯಿಸುವುದಿಲ್ಲ ಎಂಬ ಆ ಮಾತನ್ನು ಅಧಿಕಾರವಾಣಿಯಿಂದ ಒಮ್ಮೆ ಹೇಳಿದ್ದರೆ ಸಾಕಿತ್ತು. ಅಪಾಯವಿದ್ದಾಗ ಇದೆ ಎನ್ನುವಷ್ಟೇ ಅಗತ್ಯ, ಅಪಾಯವಿಲ್ಲದಾಗ ಇಲ್ಲ ಎನ್ನುವುದು.

ಇನ್ನೊಂದು ವದಂತಿಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ನಮ್ಮ ಮನೆಬಾಗಿಲಿನದು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಜ್ವಾಲಾಮುಖಿಯ ಕಲ್ಲಿನದು ಎಂಬ ನಿಜಕ್ಕೆ ಯಾರೋ ಬಾಲ ಕಟ್ಟಿ, ಅದು ಮತ್ತೆ ಏಳಬಹುದು ಎಂದು ಹಬ್ಬಿಸಿದ್ದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವ ಆ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನವು. ಭಾರತದ ಭೂಭಾಗಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದಲ್ಲಿ ಹರಿದ ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರುಕುಬಿಟ್ಟು, ಬಹುಮಟ್ಟಿಗೆ ಆರು ಮೂಲೆಯ ಕಂಬಗಳಾದವು. ಅದರ ಕೆಳಗೆ ಕುದಿಯುವಂಥದ್ದು ಇಂದು ಏನೂ ಇಲ್ಲ. ನಮ್ಮ ದೇಶದ ಸಕ್ರಿಯ ಜ್ವಾಲಾಮುಖಿಯಿರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ, ಜನವಸತಿಯಿಲ್ಲದ ಜಾಗದಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಅದು ಸಣ್ಣಗೆ ಸಿಡಿದದ್ದನ್ನು ನಾವೆಲ್ಲ ವಿಡಿಯೋದಲ್ಲಿ ನೋಡಿದ್ದೇವೆ. ಪ್ರವಾಸದ ಹೆಸರಿನಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹತ್ತುವ ಶಾಲಾ ಮಕ್ಕಳಿಗೆ ಇದನ್ನು ಅಲ್ಲಿಯೇ, ಆ ಕಲ್ಲುಗಳ ಮುಂದೆಯೇ ಹೇಳಿಕೊಡುವ ಏರ್ಪಾಡಾದರೆ ಇಂಥ ವದಂತಿ ಹುಟ್ಟಿದಲ್ಲೇ ಸಾಯುತ್ತದೆ.

ಬೂದಿಯ ಸಂಗತಿ ಅಪರೂಪದ್ದು, ಅದೊಂದಕ್ಕಾಗಿ ಇಷ್ಟು ದೊಡ್ಡ ಪತ್ರವೇಕೆ ಎಂದು ತಮಗೆ ಅನ್ನಿಸಬಹುದು. ಅದು ಅಪರೂಪದ್ದೆಂಬುದು ನಿಜ. ಆದರೆ ಆ ಎರಡು ದಿನ ಕಂಡ ಕೊರತೆ ಅಪರೂಪದ್ದಲ್ಲ. ಪ್ರತಿ ವರ್ಷ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಅದು ನಮ್ಮನ್ನು ಕಾಡುತ್ತಲೇ ಇದೆ. ಮಳೆಗಾಲದಲ್ಲಿ ನಮ್ಮ ಎರಡೂ ಜಿಲ್ಲೆಗಳು ಎಚ್ಚರವಾಗಿರುತ್ತವೆ. ಕಂಟ್ರೋಲ್ ರೂಮ್ ಇರುತ್ತದೆ, ನೋಡಲ್ ಅಧಿಕಾರಿಗಳಿರುತ್ತಾರೆ, ಪತ್ರಿಕೆಗಳಲ್ಲಿ ದಿನವೂ ಬಣ್ಣದ ಅಲರ್ಟ್ ಬರುತ್ತದೆ. ಮಳೆ ನಿಂತಿತೆಂದರೆ ನಾವೂ ಆಡಳಿತವೂ ಒಟ್ಟಿಗೇ ನಿರಾಳವಾಗುತ್ತೇವೆ. ಹಿಮ ಬೀಳದ ನಾಡಿನಲ್ಲಿ ಚಳಿಗಾಲಕ್ಕೆಂಥ ಅಪಾಯ ಎಂಬ ಭಾವನೆ ಎಲ್ಲರಲ್ಲೂ ಇದೆ. ಕಡಲಿಗೆ ಹೋಗುವವರ ಮನೆಯಲ್ಲಿ ಮಾತ್ರ ಆ ಭಾವನೆ ಇಲ್ಲ.

ಒಖಿ ಚಂಡಮಾರುತವನ್ನು ನೆನಪಿಸಿಕೊಳ್ಳಿ. 2017ರ ನವೆಂಬರ್ 29ರಂದು ಶ್ರೀಲಂಕಾದ ಬಳಿ ವಾಯುಭಾರ ಕುಸಿತವಾಗಿ ಕಾಣಿಸಿಕೊಂಡದ್ದು ಮರುದಿನವೇ ಚಂಡಮಾರುತವಾಗಿ, ಕನ್ಯಾಕುಮಾರಿಯ ಪಕ್ಕದಿಂದ ಲಕ್ಷದ್ವೀಪದ ಕಡೆಗೆ ಸಾಗಿತು. ಕಡಲಿಗಿಳಿಯಬೇಡಿ ಎಂಬ ಸೂಚನೆ ದಡಕ್ಕೆ ಬಂದಿತ್ತು. ಆದರೆ ಅದಕ್ಕೂ ಮೊದಲೇ ಕಡಲಿಗಿಳಿದು ದೂರ ಹೋಗಿದ್ದವರಿಗೆ ಅದು ಮುಟ್ಟಲಿಲ್ಲ. ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರು ಹಿಂದಿರುಗಲಿಲ್ಲ. ಗಾಳಿಯ ಹೊಡೆತಕ್ಕೆ ಸಿಕ್ಕಿದ ಅನೇಕ ಬೋಟುಗಳು ಊರಿನ ದಿಕ್ಕು ಬಿಟ್ಟು ಮಹಾರಾಷ್ಟ್ರದ ದೇವಗಡದವರೆಗೂ ಹೋಗಿ ಆಶ್ರಯ ಪಡೆದವು. ಉಳ್ಳಾಲದ ಕಡಲಬದಿಯ ಮನೆಗಳವರು ಆ ಡಿಸೆಂಬರಿನ ಅಲೆಗಳನ್ನು ಇನ್ನೂ ಮರೆತಿಲ್ಲ. ಅಂದು ತಪ್ಪಿದ್ದು ಮುನ್ಸೂಚನೆ ಮಾತ್ರವಲ್ಲ, ಕಡಲಿನಲ್ಲಿದ್ದವರ ಕಿವಿಗೆ ಅದನ್ನು ಮುಟ್ಟಿಸುವ ದಾರಿಯೂ ಹೌದು.

ಆ ದಾರಿ ಇಂದು ಹೇಗಿದೆಯೆಂಬುದನ್ನು ಅಣ್ಣನ ಬೋಟಿನ ಮಟ್ಟಿಗೆ ಹೇಳುತ್ತೇನೆ. ಮಲ್ಪೆಯಿಂದ ಹೊರಟ ಆಳಸಮುದ್ರ ಬೋಟು ಎಂಟು ಹತ್ತು ದಿನ ಕಡಲಿನಲ್ಲೇ ಇರುತ್ತದೆ. ಮೀನಿನ ಹಿಂದೆ ಹೋಗುತ್ತಾ ಉತ್ತರಕ್ಕೆ ಗೋವಾ, ರತ್ನಗಿರಿಯ ನೀರಿನವರೆಗೂ ಸಾಗುತ್ತದೆ. ದಡದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊಬೈಲ್ ಸತ್ತುಹೋಗುತ್ತದೆ. ಆಮೇಲೆ ಉಳಿಯುವುದು ವಯರ್‌ಲೆಸ್. ಅದೂ ಸುತ್ತಮುತ್ತಲಿನ ಬೋಟುಗಳಿಗಷ್ಟೇ ಕೇಳುತ್ತದೆ. ಹಾಗಾಗಿ ಸುದ್ದಿ ಬೋಟಿನಿಂದ ಬೋಟಿಗೆ ಬಾಯಿಂದ ಬಾಯಿಗೆ ಸಾಗುತ್ತದೆ. ದಡದ ಹತ್ತಿರವಿರುವ ತಾಂಡೇಲ ಕೇಳಿಸಿಕೊಂಡದ್ದು ನಾಲ್ಕನೆಯ ಬೋಟಿಗೆ ಮುಟ್ಟುವಾಗ ಗಾಳಿಯ ವೇಗ ಒಂದು, ದಿನ ಇನ್ನೊಂದು ಆಗಿರುತ್ತದೆ. ಬೋಟಿನ ಕಲಾಸಿಗಳಲ್ಲಿ, ಅಂದರೆ ಕೆಲಸಗಾರರಲ್ಲಿ, ಒಡಿಶಾ, ಜಾರ್ಖಂಡ್, ಆಂಧ್ರದವರು ಬಹಳ ಮಂದಿ. ತಾಂಡೇಲನಿಗೆ ತುಳುವಿನಲ್ಲಿ ಬಂದ ಮಾತು ಅವರಿಗೆ ತಲುಪುವುದು ಕೈಸನ್ನೆಯಲ್ಲಿ. ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಕಳುಹಿಸಬಲ್ಲ ಟ್ರಾನ್ಸ್‌ಪಾಂಡರುಗಳನ್ನು 1 ಲಕ್ಷ ಬೋಟುಗಳಿಗೆ ಅಳವಡಿಸುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿದೆ. ಇದು ನಿಜಕ್ಕೂ ಜೀವ ಉಳಿಸುವ ಸಾಧನ. ನಮ್ಮ ಎರಡು ಜಿಲ್ಲೆಗಳ ಎಷ್ಟು ಬೋಟುಗಳಲ್ಲಿ ಅದು ಈಗ ಅಳವಟ್ಟಿದೆ, ಎಷ್ಟರಲ್ಲಿ ಚಾಲೂ ಸ್ಥಿತಿಯಲ್ಲಿದೆ, ಸಂದೇಶ ಬಂದಾಗ ಓದಲು ತಾಂಡೇಲರಿಗೆ ತರಬೇತಿ ಆಗಿದೆಯೇ ಎಂಬುದನ್ನು ತಾವು ಬಂದರುವಾರು ಪ್ರಕಟಿಸಬೇಕೆಂದು ಕೋರುತ್ತೇನೆ.

2024ರ ಡಿಸೆಂಬರ್ ಆರಂಭದಲ್ಲಿ ಆದದ್ದನ್ನೂ ಗಮನಿಸಿ. ಫೆಂಜಲ್ ಚಂಡಮಾರುತ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ನೆಲಕ್ಕೆ ಬಂತು. ಪೂರ್ವ ಕರಾವಳಿಯ ಗಾಳಿ ನಮಗೇಕೆ ಎಂದುಕೊಂಡು ಕುಳಿತವರೇ ಹೆಚ್ಚು. ಅದರ ಉಳಿದ ಬಲ ಒಳನಾಡನ್ನು ದಾಟಿ ನಮ್ಮ ಕಡೆಗೆ ಬಂದು, ಡಿಸೆಂಬರ್ 2 ಮತ್ತು 3ರಂದು ಕರಾವಳಿಯಲ್ಲಿ ಮಳೆಗಾಲದಂಥ ಮಳೆ ಸುರಿಯಿತು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದವರಿಗೆ ಅದನ್ನು ಎತ್ತಿಡಲು ಸಮಯ ಸಿಗಲಿಲ್ಲ. ಮಲ್ಪೆಯಲ್ಲಿ ಒಣಮೀನು ಹರವಿದ್ದ ಹೆಂಗಸರದ್ದೂ ಅದೇ ಪಾಡು. ಆ ದಿನ ನನ್ನ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಒಂದನ್ನೇ: ನಾಳೆ ಶಾಲೆಗೆ ರಜೆಯಾ? ಎಚ್ಚರಿಕೆಯೆಂದರೆ ರಜೆಯ ಸುದ್ದಿ ಎಂಬಲ್ಲಿಗೆ ನಾವು ಬಂದು ನಿಂತಿದ್ದೇವೆ. ಇದರಲ್ಲಿ ಜನರ ತಪ್ಪು ಮಾತ್ರ ಇದೆಯೆಂದು ನಾನು ಒಪ್ಪಲಾರೆ. ಆರೆಂಜ್ ಅಲರ್ಟ್ ಎಂಬ ಎರಡು ಪದ ಬಿಟ್ಟರೆ ಅವರ ಕೈಗೆ ಬೇರೇನೂ ಬರುವುದಿಲ್ಲ. ಹಳದಿ ಎಂದರೆ ಗಮನವಿಡಿ, ಆರೆಂಜ್ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದು ಹವಾಮಾನ ಇಲಾಖೆಯ ಬಣ್ಣಗಳಿಗೆ ಸ್ಪಷ್ಟ ಅರ್ಥವಿದೆ. ಅಡಿಕೆ ಬೆಳೆಗಾರ ಏನು ಮಾಡಿ ಸಿದ್ಧನಾಗಬೇಕು, ನಾಡದೋಣಿಯವನು ಏನು ಮಾಡಬೇಕು, ಘಾಟಿ ಹತ್ತುವ ಬಸ್ಸಿನ ಚಾಲಕ ಏನು ಮಾಡಬೇಕು ಎಂಬುದನ್ನು ಬಣ್ಣ ಹೇಳುವುದಿಲ್ಲ, ಜಿಲ್ಲಾಡಳಿತವೇ ಹೇಳಬೇಕು.

ಮಂಜಿನ ವಿಚಾರದಲ್ಲಿ ನಮ್ಮ ಕಷ್ಟ ಎರಡು ಬಗೆಯದು. ಉತ್ತರ ಭಾರತದಲ್ಲಿ ಡಿಸೆಂಬರ್, ಜನವರಿಗಳಲ್ಲಿ ಮಂಜು ಕವಿದಾಗ ಅದರ ಪರಿಣಾಮ ಉಡುಪಿಯ ಇಂದ್ರಾಳಿ ರೈಲು ನಿಲ್ದಾಣದಲ್ಲಿ ಕಾಣುತ್ತದೆ. ನಿಜಾಮುದ್ದೀನ್‌ನಿಂದ ಹೊರಡುವ ಮಂಗಳಾ ಎಕ್ಸ್‌ಪ್ರೆಸ್ ಗಂಟೆಗಟ್ಟಲೆ ತಡವಾಗಿ ಬರುತ್ತದೆ. ಚಿಕಿತ್ಸೆಗೆಂದು ಎರ್ನಾಕುಲಂ ಕಡೆ ಹೊರಟ ವಯಸ್ಸಾದವರು ರಾತ್ರಿಯನ್ನು ಪ್ಲಾಟ್‌ಫಾರಂನಲ್ಲೇ ಕಳೆಯುತ್ತಾರೆ. ದೆಹಲಿಯಿಂದ ಬಂದು ಮಂಗಳೂರಿಗೆ ಹಾರಬೇಕಾದ ವಿಮಾನ ಅಲ್ಲಿಂದಲೇ ಏಳದಿದ್ದರೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ ಬಜಪೆಯ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕರಿಗೆ ಮಂಜಿನಿಂದ ವಿಳಂಬ ಎಂಬ ಮಾತು ನಂಬಲಾಗದ ನೆಪದಂತೆ ಕೇಳಿಸುತ್ತದೆ. ಕಾರಣವನ್ನು ಕನ್ನಡದಲ್ಲಿ ಎರಡು ವಾಕ್ಯದಲ್ಲಿ ವಿವರಿಸಿದರೆ ಅಲ್ಲಿ ನಡೆಯುವ ಅರ್ಧ ಜಗಳ ನಡೆಯುವುದೇ ಇಲ್ಲ. ಇದು ರೈಲ್ವೆ ಮತ್ತು ವಿಮಾನ ಸಂಸ್ಥೆಗಳ ಕೆಲಸವೆಂಬುದು ನನಗೆ ಗೊತ್ತಿದೆ. ಆದರೆ ಅವರನ್ನು ಒಂದು ಮೇಜಿನ ಮುಂದೆ ಕೂರಿಸಬಲ್ಲ ಅಧಿಕಾರ ಜಿಲ್ಲೆಯಲ್ಲಿ ತಮ್ಮೊಬ್ಬರಿಗೇ ಇದೆ.

ಎರಡನೆಯದು ನಮ್ಮದೇ ಘಾಟಿಗಳ ಮಂಜು. ಶಿರಾಡಿ, ಚಾರ್ಮಾಡಿ, ಆಗುಂಬೆಗಳ ತಿರುವುಗಳಲ್ಲಿ ನಸುಕಿನ ಹೊತ್ತು ಎದುರಿನ ವಾಹನದ ದೀಪ ಮೂಗಿನ ಮುಂದೆ ಬಂದ ಮೇಲೆ ಕಾಣುವ ದಿನಗಳಿವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 200 ಮೀಟರಿಗಿಂತ ಕಡಿಮೆ ದೂರ ಕಂಡರೆ ಅದು ದಟ್ಟ ಮಂಜು, 50 ಮೀಟರಿಗಿಂತಲೂ ಕಡಿಮೆಯಾದರೆ ಅತಿದಟ್ಟ. ಆ ಅಳತೆ ಬಯಲಿನ ನೇರ ರಸ್ತೆಗೆ ಸರಿ. ತಿರುವಿನ ಒಂದು ಪಕ್ಕ ಪ್ರಪಾತವಿರುವಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಬೆಂಗಳೂರಿನಿಂದ ಬರುವ ರಾತ್ರಿ ಬಸ್ಸುಗಳು ಘಾಟಿ ಇಳಿಯುವುದು ಸರಿಯಾಗಿ ಆ ಹೊತ್ತಿಗೇ. ಮೇಲಿನ ತಿರುವುಗಳಲ್ಲಿ ಈಗ ಎಷ್ಟು ದೂರ ಕಾಣುತ್ತಿದೆ ಎಂಬುದನ್ನು ಗುಂಡ್ಯ, ಚಾರ್ಮಾಡಿ, ಸೋಮೇಶ್ವರದ ಚೆಕ್‌ಪೋಸ್ಟುಗಳಲ್ಲಿ ಚಾಲಕನಿಗೆ ಕಾಣುವಂತೆ ಬರೆದಿಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಘಾಟಿಯ ಮೇಲಿನ ಜಿಲ್ಲೆಗಳ ಆಡಳಿತದೊಂದಿಗೆ ಮಾತನಾಡಿ ಇಳಿಯುವವರಿಗೂ ಇದೇ ಏರ್ಪಾಡು ಮಾಡಿಸಬೇಕು.

ಸಾಧನಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ, ಸುನಾಮಿಯ ಎಚ್ಚರಿಕೆಯೂ ಅಲ್ಲಿಂದಲೇ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಜಿಲ್ಲಾ ಕೇಂದ್ರಗಳಲ್ಲಿ 1077 ಎಂಬ ವಿಪತ್ತು ಸಹಾಯವಾಣಿ ಇದೆ. 2023ರ ಅಕ್ಟೋಬರ್‌ನಲ್ಲಿ ಪರೀಕ್ಷೆಗೆಂದು ರಾಜ್ಯದ ಮೊಬೈಲುಗಳು ಒಟ್ಟಿಗೇ ದೊಡ್ಡ ಸದ್ದಿನಿಂದ ಕೂಗಿಕೊಂಡದ್ದು ನಮಗೆಲ್ಲ ನೆನಪಿದೆ. ಒಂದು ಗೋಪುರದ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಸಂದೇಶ ಕಳುಹಿಸುವ ತಂತ್ರಜ್ಞಾನ ನಮ್ಮ ಕೈಯಲ್ಲಿದೆ. ಆಕಾಶವಾಣಿ ಮಂಗಳೂರು ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲೂ ಮಾತನಾಡುತ್ತದೆ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಕೈಯಲ್ಲಿ ಬೇರೆ ಬೇರೆಯಾಗಿಯೇ ಉಳಿದಿವೆ. ಯಾವುದನ್ನು ಯಾವಾಗ, ಯಾರಿಗೆ, ಯಾವ ಭಾಷೆಯಲ್ಲಿ ಎಂದು ಕೂಡಿಸಿ ನೋಡುವವರು ಬೇಕಾಗಿದ್ದಾರೆ.

ಆದ್ದರಿಂದ ಎರಡೂ ಜಿಲ್ಲೆಗಳಿಗೆ ಸೇರಿ ಒಂದು ಮುನ್ಸೂಚನಾ ವಿಭಾಗವನ್ನು ತಾವು ವರ್ಷದ 12 ತಿಂಗಳೂ ನಡೆಸಬೇಕೆಂದು ಪ್ರಾರ್ಥಿಸುತ್ತೇನೆ. ಹೊಸ ಕಟ್ಟಡವಾಗಲಿ ಹೊಸ ಹುದ್ದೆಗಳಾಗಲಿ ಇದಕ್ಕೆ ಬೇಕಿಲ್ಲ. ಮಳೆಗಾಲದ ಕಂಟ್ರೋಲ್ ರೂಮನ್ನು ಸೆಪ್ಟೆಂಬರ್ ಕೊನೆಗೆ ಸಡಿಲಗೊಳಿಸದೆ ಮುಂದುವರಿಸಿದರೆ ಸಾಕು. ಚಂಡಮಾರುತ, ಅಲೆ, ಮಂಜು, ಬೂದಿ, ಯಾವುದೇ ಇರಲಿ, ಸೂಚನೆ ಬಂದ ಕೂಡಲೇ ಆ ವಿಭಾಗ ಸರಳ ಕನ್ನಡದಲ್ಲಿ ಒಂದು ಪ್ರಕಟಣೆ ಹೊರಡಿಸಬೇಕು. ಸೂಚನೆ ಕೊಟ್ಟವರು ಯಾರು, ಯಾವ ತಾಲೂಕುಗಳಿಗೆ ಅಥವಾ ಕಡಲಿನ ಯಾವ ಭಾಗಕ್ಕೆ ಅನ್ವಯ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾರು ಏನು ಮಾಡಬೇಕು, ಮುಂದಿನ ಮಾಹಿತಿ ಎಷ್ಟು ಹೊತ್ತಿಗೆ ಬರುತ್ತದೆ, ಇಷ್ಟೂ ಅದರಲ್ಲಿರಬೇಕು. ಬೈಂದೂರಿಗೆ ಬಂದ ಗಾಳಿಯ ಸೂಚನೆಗೆ ಕಾರ್ಕಳದವರು ಬೆಚ್ಚಬೇಕಾಗಿಲ್ಲ. ಸುಳ್ಯದ ಮಳೆಯ ಸೂಚನೆ ಮೂಲ್ಕಿಯವರ ಪಾಲಿಗೆ ಬೇರೆಯೇ ಆಗಿರಬಹುದು. ಜಿಲ್ಲೆಗೆ ಅಪಾಯವಿಲ್ಲದಿದ್ದರೆ ಅಪಾಯವಿಲ್ಲ ಎಂಬ ಪ್ರಕಟಣೆಯೂ ಅದೇ ರೀತಿ ಬರಬೇಕು. ಎಚ್ಚರಿಕೆಯನ್ನು ಹಿಂಪಡೆದಾಗ ಅದನ್ನೂ ಹೇಳಬೇಕು. ಈಗ ಅಲರ್ಟ್ ಬಂದದ್ದು ಗೊತ್ತಾಗುತ್ತದೆ, ಮುಗಿದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಓದಲು ಬಾರದವರಿಗೂ ಓದಲು ಪುರುಸೊತ್ತಿಲ್ಲದವರಿಗೂ ಅದೇ ಪ್ರಕಟಣೆ ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡಗಳಲ್ಲಿ ಧ್ವನಿರೂಪದಲ್ಲಿ ಸಿಗಬೇಕು. ಬೋಟಿನ ಕೆಲಸಗಾರರಿಗಾಗಿ ಹಿಂದಿ, ಒಡಿಯಾ ಮತ್ತು ತೆಲುಗಿನಲ್ಲೂ ಇರಬೇಕು. ಅನಾಮಿಕ ಧ್ವನಿ ಸಂದೇಶಗಳು ಹರಡುವ ವೇಗದಲ್ಲೇ ತಮ್ಮ ಧ್ವನಿಯೂ ಹರಡಲಿ. ಪ್ರತಿ ಸಂದೇಶಕ್ಕೂ ದಿನಾಂಕ, ಸಮಯ ಮತ್ತು ಕ್ರಮಸಂಖ್ಯೆ ಇದ್ದರೆ ಹಳೆಯದನ್ನು ಹೊಸದೆಂದು ಕಳುಹಿಸುವವರ ಆಟ ನಿಲ್ಲುತ್ತದೆ. ಮಲ್ಪೆ, ಗಂಗೊಳ್ಳಿ, ಹೆಜಮಾಡಿ ಮತ್ತು ಮಂಗಳೂರಿನ ದಕ್ಕೆಯಲ್ಲಿ ಐಸ್ ತುಂಬಿಸಿಕೊಳ್ಳುವ, ಡೀಸೆಲ್ ಹಾಕಿಸಿಕೊಳ್ಳುವ ಜಾಗಗಳಲ್ಲೇ ದಿನದ ಸೂಚನೆಯ ಫಲಕವಿರಲಿ. ಬೋಟು ಬಿಡುವ ಮುನ್ನ ಪ್ರತಿಯೊಬ್ಬ ತಾಂಡೇಲನೂ ಆ ಜಾಗಗಳಿಗೆ ಬಂದೇ ಬರುತ್ತಾನೆ. ಆಗಲೇ ಕಡಲಿನಲ್ಲಿರುವ ಬೋಟುಗಳಿಗೆ ಸಂದೇಶ ಮುಟ್ಟಿದೆಯೆಂದು ಖಚಿತಪಡಿಸಿಕೊಳ್ಳುವ ಜವಾಬ್ದಾರಿಯನ್ನು ಮೀನುಗಾರಿಕಾ ಇಲಾಖೆ ಮತ್ತು ಕರಾವಳಿ ಕಾವಲು ಪೊಲೀಸರಿಗೆ ಲಿಖಿತವಾಗಿ ವಹಿಸಬೇಕು. ಕಳುಹಿಸಿದ್ದೇವೆ ಎಂಬ ಉತ್ತರ ಸಾಲದು. ಇಂತಿಷ್ಟು ಬೋಟುಗಳಿಂದ ಮುಟ್ಟಿತು ಎಂಬ ಮರುಮಾತು ಬಂದಿದೆ ಎಂಬ ಲೆಕ್ಕ ಬೇಕು.

ವಿಮಾನ ನಿಲ್ದಾಣದ ಅಧಿಕಾರಿಗಳು, ವಿಮಾನ ಸಂಸ್ಥೆಗಳು, ರೈಲ್ವೆ ಮತ್ತು ನಮ್ಮಂಥ ಟಿಕೆಟ್ ಏಜೆಂಟರನ್ನು ಚಳಿಗಾಲಕ್ಕೆ ಮುಂಚೆ, ಅಕ್ಟೋಬರ್‌ನಲ್ಲಿ ಒಮ್ಮೆ ತಾವು ಸಭೆಗೆ ಕರೆಯಬೇಕು. ವಿಮಾನ ರದ್ದಾದರೆ ಹಣ ಹಿಂಪಡೆಯುವ ಅಥವಾ ಬದಲಿ ವಿಮಾನದಲ್ಲಿ ಹೋಗುವ ಆಯ್ಕೆ ಪ್ರಯಾಣಿಕನಿಗಿದೆ. ಪ್ರಕೃತಿ ವಿಕೋಪದಂಥ ಸಂದರ್ಭದಲ್ಲಿ ಹೆಚ್ಚುವರಿ ಪರಿಹಾರ ಸಿಗುವುದಿಲ್ಲ. ಈ ಎರಡನ್ನೂ ಕನ್ನಡದಲ್ಲಿ ಬರೆದು ಕೌಂಟರಿನ ಮುಂದೆ ಹಾಕಲು ಹೇಳಿ. ಉದ್ಯೋಗಕ್ಕೆ ಮರಳುವವರಿಗೆ, ವಿಮಾನ ಏಕೆ ರದ್ದಾಯಿತೆಂಬುದನ್ನು ದಿನಾಂಕ ಸಹಿತ ತಿಳಿಸುವ ಪತ್ರವೊಂದು ಕೂಡಲೇ ಸಿಗಬೇಕು. ಕಾಪುವಿನ ಆ ಹುಡುಗ ಕುವೈತ್‌ನಲ್ಲಿ ತನ್ನ ಮಾಲೀಕನ ಮುಂದೆ ಹಿಡಿಯಲು ಅಂಥ ಒಂದು ಕಾಗದಕ್ಕಾಗಿ ಬಹಳ ಅಲೆದ; ಅದು ಅವನಿಗೆ ಸಿಗಲೇ ಇಲ್ಲ.

ಈ ಪತ್ರಕ್ಕೆ ತಾವು ಸಾರ್ವಜನಿಕವಾಗಿಯೇ ಉತ್ತರಿಸುವಿರೆಂದು, ಮೇಲಿನ ಕೋರಿಕೆಗಳಲ್ಲಿ ಯಾವುದು ಆಗುತ್ತದೆ, ಯಾವುದು ಏಕೆ ಆಗುವುದಿಲ್ಲ ಎಂದು ಬಿಡಿಸಿ ತಿಳಿಸುವಿರೆಂದು ನಂಬಿದ್ದೇನೆ. ಮಲ್ಪೆಯ ಮೀನುಗಾರರನ್ನೂ ಟಿಕೆಟ್ ಏಜೆಂಟರನ್ನೂ ಕರೆದರೆ ನಾವೆಲ್ಲ ಬರುತ್ತೇವೆ; ಧ್ವನಿ ಸಂದೇಶಗಳನ್ನು ತುಳುವಿನಲ್ಲಿ ಓದಿಕೊಡಲು, ಫಲಕದಲ್ಲಿ ದಿನವೂ ಬರೆಯಲು ಬಂದರಿನಲ್ಲಿ ಮುಂದೆ ಬರುವ ಯುವಕ ಯುವತಿಯರಿದ್ದಾರೆ. ಮುಂದಿನ ಅಕ್ಟೋಬರ್‌ಗೆ ಮುನ್ನ ಮೊದಲ ಸಭೆಯ ದಿನಾಂಕವನ್ನು ತಾವು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಉಡುಪಿಯ ಟಿಕೆಟ್ ಬುಕಿಂಗ್ ಅಂಗಡಿಯೊಂದರ ಮಾಲೀಕಿ,
ಮಲ್ಪೆಯ ಮೀನುಗಾರ ಕುಟುಂಬದ ಮಗಳು